ಬೀಜಕ್ಕೆ ಮಾಡಿದ ಉಪಚಾರ

ಬೀಜಕ್ಕೂ ಉಪಚಾರ ಮಾಡುತ್ತಾರೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಎದುರು ತಾರಸಿಯವಳ ಬಾಯಲ್ಲಿ. ಕೇಳಿದ ಕೂಡಲೇ ಅನುಮಾನ ಬಂತು. ಉಪಚಾರ ಅಂದರೆ ನನಗೆ ಗೊತ್ತಿರುವುದು ಎರಡು. ಒಂದು ಬೀಗರಿಗೆ ಮಾಡುವುದು, ಇನ್ನೊಂದು ಕಾಯಿಲೆ ಬಿದ್ದವರಿಗೆ ಮಾಡುವುದು. ಬೀಗರಿಗೆ ಬಡಿಸುವಾಗ ಬಾಯಲ್ಲಿ ಒಂದು, ಮನಸ್ಸಲ್ಲಿ ಒಂದು. ಕಾಯಿಲೆಯವರಿಗೆ ಮಾಡುವಾಗ ಇದು ಯಾವಾಗ ಮುಗಿಯುತ್ತದಪ್ಪಾ ಎನ್ನುವ ಎಣಿಕೆ. ಎರಡೂ ನಾನು ಮಾಡಿ ದಣಿದದ್ದೇ. ಅದಕ್ಕೇ ಯಾರಾದರೂ ಉಪಚಾರ ಮಾಡುತ್ತೇನೆ ಎಂದು ಮುಂದೆ ಬಂದರೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ನಮ್ಮ ಮನೆ ಶ್ರೀರಾಂಪುರದ ಒಂದು ಗಲ್ಲಿಯಲ್ಲಿದೆ. ಗಲ್ಲಿ ಎಷ್ಟು ಕಿರಿದು ಎಂದರೆ ನಮ್ಮ ತಾರಸಿಯಿಂದ ಎದುರು ತಾರಸಿಗೆ ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಕೈ ನೀಡಿ ಕೊಡಬಹುದು. ಕೊಡಬಹುದು ಎಂದೆ, ಕೊಡುತ್ತೇವೆ ಎನ್ನಲಿಲ್ಲ. ಆ ಮನೆಯವಳು ಐವತ್ತರ ಹತ್ತಿರದವಳು, ಶೇಷಾದ್ರಿಪುರಂ ಕಡೆ ಯಾವುದೋ ಆಫೀಸಿಗೆ ಹೋಗುತ್ತಾಳೆ. ತಾರಸಿ ತುಂಬ ಕುಂಡ, ಚೀಲ, ಒಡೆದ ಬಕೆಟ್ಟು, ಎಲ್ಲದರಲ್ಲೂ ಗಿಡ. ಫೋನಿನಲ್ಲಿ ತಾರಸಿ ತೋಟದವರದ್ದೇ ಒಂದು ಗ್ರೂಪು ಇದೆಯಂತೆ. ಒಂದು ಮೆಣಸಿನಕಾಯಿ ಬಿಟ್ಟರೂ ಅದರ ಫೋಟೋ ತೆಗೆದು ಅಲ್ಲಿಗೆ ಹಾಕುತ್ತಾಳೆ. ಅಷ್ಟು ಜನ ನೋಡಿದ ಕಾಯಿಗೆ ದೃಷ್ಟಿ ಆಗದೆ ಇರುತ್ತದೆಯೇ? ಇನ್ನೊಂದು ಅಭ್ಯಾಸವೂ ಇತ್ತು ಅವಳಿಗೆ. ದಿನಕ್ಕೆರಡು ಸಲ ನೀರಿನ ಟ್ಯಾಂಕಿನ ಹಿಂದೆ ಹೋಗಿ ಒಂದಷ್ಟು ಹೊತ್ತು ಕಾಣಿಸುತ್ತಲೇ ಇರಲಿಲ್ಲ. ಟ್ಯಾಂಕಿನ ಹಿಂದೆ ಏನಿದೆ ಎನ್ನುವುದು ನಮ್ಮ ಕಡೆಯಿಂದ ಎಷ್ಟು ಬಗ್ಗಿದರೂ ಕಾಣುವುದಿಲ್ಲ. ನಾನು ಬಗ್ಗಿ ನೋಡಿಯೇ ಹೇಳುತ್ತಿದ್ದೇನೆ.

ನನ್ನ ತಾರಸಿಯಲ್ಲಿ ಇರುತ್ತಿದ್ದದ್ದು ಒಂದೇ ಬಳ್ಳಿ, ಮಿಡಿಹಾಗಲ. ಹೆಬ್ಬೆರಳಿನಷ್ಟು ಕಾಯಿ, ಮೈತುಂಬ ಮುಳ್ಳು. ಮಾರ್ಕೆಟ್ಟಿನಲ್ಲಿ ಈಗ ಸಿಗುವ ಮೊಳದುದ್ದದ ಹಾಗಲಕ್ಕೂ ಇದಕ್ಕೂ ಸಂಬಂಧವಿಲ್ಲ. ನಾನು ಮದುವೆಯಾಗಿ ಬರುವಾಗ ಅಮ್ಮ ಇದರ ಬೀಜವನ್ನು ನನ್ನ ಸೆರಗಿಗೆ ಗಂಟು ಕಟ್ಟಿ ಕಳಿಸಿದಳು. ಬೇರೆ ಕೊಡುವುದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ. ಜೊತೆಗೆ ಎರಡು ಮಾತು ಹೇಳಿದಳು. ಈ ಬೀಜವನ್ನು ಹೊರಗಿನವರಿಗೆ ಕೊಡಬೇಡ. ಯಾರಿಂದಲಾದರೂ ಬೀಜ ತೆಗೆದುಕೊಂಡರೆ ಬದಲಿಗೆ ಏನಾದರೂ ಕೊಡು, ಬಿಟ್ಟಿ ಬೀಜ ಏಳುವುದಿಲ್ಲ.

ಹಾಗಲದ ಬೀಜದ ಸಿಪ್ಪೆ ಗಟ್ಟಿ. ಸುಮ್ಮನೆ ಮಣ್ಣಿಗೆ ಹಾಕಿದರೆ ನೀರು ಒಳಗಿಳಿಯುವುದರೊಳಗೆ ಕೊಳೆತಿರುತ್ತದೆ. ಅಮ್ಮ ಸಗಣಿ ನೀರಲ್ಲಿ ನೆನೆಹಾಕಿ, ಬೂದಿಯಲ್ಲಿ ಹೊರಳಿಸಿ, ಹಳೇ ಸೀರೆ ತುಂಡಿನಲ್ಲಿ ಕಟ್ಟಿ ಬಚ್ಚಲ ಒಲೆಯ ಪಕ್ಕ ಇಡುತ್ತಿದ್ದಳು. ಬಿಸುಪಿಗೆ ನಾಲ್ಕೈದು ದಿನದಲ್ಲಿ ಬೀಜ ಬಾಯಿ ಬಿಡುತ್ತಿತ್ತು, ಆಮೇಲೆ ಬಿತ್ತುತ್ತಿದ್ದಳು. ಈ ಕೆಲಸಕ್ಕೆ ಅವಳು ಯಾವ ಹೆಸರೂ ಇಟ್ಟಿರಲಿಲ್ಲ.

ನಾನೂ ಈ ಊರಲ್ಲಿ ಹಾಗೆಯೇ ಮಾಡಿಕೊಂಡು ಬಂದೆ. ಆದರೆ ಒಂದೊಂದಾಗಿ ಎಲ್ಲ ಕೈ ಬಿಟ್ಟಿತು. ಹಂಡೆ ಒಲೆ ಹೋಗಿ ಗೀಸರ್ ಬಂತು. ಬೂದಿಗೆ ಗಲ್ಲಿಯ ತುದಿಯ ಇಸ್ತ್ರಿಯವನನ್ನು ಹಿಡಿದಿದ್ದೆ, ಅವನೂ ಇದ್ದಿಲು ಬಿಟ್ಟು ಗ್ಯಾಸಿನ ಇಸ್ತ್ರಿಪೆಟ್ಟಿಗೆ ತಂದ. ಉಳಿದದ್ದು ಸಗಣಿ. ಮಲ್ಲೇಶ್ವರಂ ಮಾರ್ಕೆಟ್ಟಿನಲ್ಲಿ ಅಲೆಯುವ ಹಸುಗಳು ಪ್ಲಾಸ್ಟಿಕ್ ಕವರ್ರು, ಹೋಟೆಲಿನ ಎಂಜಲು ಇಡ್ಲಿ ತಿನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಸಾಂಬಾರು ಕುಡಿದ ಹಸುವಿನ ಸಗಣಿಯನ್ನು ನಂಬುವುದು ಹೇಗೆ? ಬೇರೆ ದಾರಿ ಇಲ್ಲದೆ ಅದನ್ನೇ ತಂದೆ. ಎರಡು ವರ್ಷ ಸತತವಾಗಿ ಬೀಜ ಗಂಟಿನಲ್ಲೇ ಬೂಷ್ಟು ಹಿಡಿದು ಹೋಯಿತು.

ಈಗ ಒಂದು ವಿಷಯ ಹೇಳಿಬಿಡಬೇಕು, ಮುಚ್ಚಿಟ್ಟರೆ ಮುಂದಿನದು ತಿಳಿಯುವುದಿಲ್ಲ. ಮೂರು ವರ್ಷದ ಹಿಂದೆ, ನನ್ನ ಬಳ್ಳಿ ಇನ್ನೂ ಚೆನ್ನಾಗಿದ್ದಾಗ, ಎದುರು ಮನೆಯವಳು ತಾರಸಿಯಿಂದಲೇ ಕೇಳಿದ್ದಳು.

"ಅಜ್ಜೀ, ನಿಮ್ ಹಾಗಲದ್ದು ನಾಲ್ಕು ಬೀಜ ಕೊಡ್ತೀರಾ?"

ಇಲ್ಲ ಎನ್ನುವುದು ನನಗೆ ಕಷ್ಟವಲ್ಲ. ಆದರೆ ನಮ್ಮ ಯಜಮಾನರು ಪಕ್ಕದಲ್ಲೇ ಪೇಪರು ಓದುತ್ತಾ ಕೂತಿದ್ದರು. ತಲೆ ಎತ್ತದೆ, "ಕೊಡ್ತಾಳೆ ಬಿಡಮ್ಮ, ಡಬ್ಬಿ ತುಂಬ ಇಟ್ಟವ್ಳೆ" ಎಂದುಬಿಟ್ಟರು. ತಮ್ಮದಲ್ಲದ್ದನ್ನು ಕೊಡುವಾಗ ಗಂಡಸರ ಕೈ ಬಹಳ ದೊಡ್ಡದು.

ನಾನು ಒಳಗೆ ಹೋದೆ. ಕಾಫಿಗೆ ಇಟ್ಟ ನೀರು ಕುದಿಯುತ್ತಿತ್ತು. ಆರು ಬೀಜ ಎಣಿಸಿ ಸ್ಟೀಲ್ ಲೋಟಕ್ಕೆ ಹಾಕಿ, ಆ ನೀರನ್ನು ಮೇಲೆ ಸುರಿದೆ. ಯಜಮಾನರು ಎದ್ದು ಬರುವ ಸದ್ದಾಗಿ ಬೇಗ ಸೋಸಿಬಿಟ್ಟೆ, ಆದರೂ ಅವರು ಬಾಗಿಲಲ್ಲಿ ನಿಂತು ನೋಡಿದ್ದರು. ಬೀಜವನ್ನು ಕಿಟಕಿಯಲ್ಲಿ ಒಣಗಿಸಿ ಮಾರನೆಯ ದಿನ ಕಾಗದದಲ್ಲಿ ಕಟ್ಟಿ ಕೊಟ್ಟೆ. ಬೆಂದ ಬೀಜ ಏಳುವುದಿಲ್ಲ. ಕೊಟ್ಟ ಹಾಗೂ ಆಯಿತು, ಅಮ್ಮನ ಮಾತು ಉಳಿಸಿದ ಹಾಗೂ ಆಯಿತು. ಅವಳು ಬದಲಿಗೆ ಏನೂ ಕೊಡಲಿಲ್ಲ, "ಥ್ಯಾಂಕ್ಸ್ ಅಜ್ಜೀ" ಎಂದಳು. ಥ್ಯಾಂಕ್ಸನ್ನು ಡಬ್ಬಿಯಲ್ಲಿ ಹಾಕಿಡುವುದಕ್ಕಾಗುತ್ತದೆಯೇ? ಬೀಜ ಎದ್ದಿತೋ ಇಲ್ಲವೋ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಡಬ್ಬಿ ತೆಗೆದು ನೋಡಿದರೆ ಉಳಿದದ್ದು ಒಂಬತ್ತು ಬೀಜ. ಅವೂ ಹಳೆಯವು, ಏಕೆಂದರೆ ಎರಡು ವರ್ಷದಿಂದ ಬಳ್ಳಿಯೇ ಬಂದಿರಲಿಲ್ಲ. ಈ ಒಂಬತ್ತು ಹೋದರೆ ಅಮ್ಮನ ಮನೆಯ ಹಾಗಲ ನನ್ನ ಕೈಯಲ್ಲೇ ಮುಗಿಯಿತು.

ಯಜಮಾನರು ಅಂಗಡಿಯಿಂದ ಒಂದು ಪೊಟ್ಟಣ ಹಾಗಲ ಬೀಜ ತಂದರು. ಬಿಚ್ಚಿದರೆ ಬೀಜಕ್ಕೆಲ್ಲ ಗುಲಾಬಿ ಬಣ್ಣ, ತುಟಿಗೆ ಹಚ್ಚುವ ಬಣ್ಣದ ಹಾಗೆ ಬೆರಳಿಗೂ ಮೆತ್ತಿಕೊಂಡಿತು. ಅವರು ಕನ್ನಡಕ ಹಾಕಿಕೊಂಡು ಪೊಟ್ಟಣದ ಹಿಂದೆ ಓದಿದರು.

"ವಿಷ ಸವರಿದೆ, ತಿನ್ನಬೇಡಿ ಅಂತ ಬರ್ದವ್ರೆ. ಹುಳ, ಬೂಷ್ಟು ಹತ್ರ ಬರಲ್ವಂತೆ."

"ತಿನ್ನೋ ಕಾಯಿ ಬೀಜಕ್ಕೆ ವಿಷ ಹಚ್ಚಿ ಮಾರ್ತಾರಾ? ನೀವೇ ಬೆಳ್ಕೊಂಡು ನೀವೇ ತಿನ್ರಿ."

ಪೊಟ್ಟಣವನ್ನು ಅಟ್ಟದ ಮೇಲೆ ಎಸೆದೆ. ಈ ಗಲಾಟೆಯೆಲ್ಲ ಎದುರು ತಾರಸಿಗೆ ಕೇಳಿಸಿತು. ಕೇಳಿಸದೆ ಇರಲಿ ಎಂದರೂ ನಮ್ಮ ಗಲ್ಲಿಯಲ್ಲಿ ಕೇಳಿಸುತ್ತದೆ.

"ಅಜ್ಜೀ, ಹೋದ್ ಸಲಾನೂ ಹಾಗಲ ಬರ್ಲಿಲ್ವಾ? ಬೀಜೋಪಚಾರ ಮಾಡಿ ನೋಡ್ಬೇಕು. ನಮ್ ಗ್ರೂಪಲ್ಲಿ ಹೇಳ್ಕೊಟ್ಟಿದಾರೆ. ಬೇಕಾದ್ರೆ ನಾನೇ ಬಂದು ಮಾಡ್ಕೊಡ್ತೀನಿ."

"ನಂಗೇ ಯಾರೂ ಉಪಚಾರ ಮಾಡೋರಿಲ್ಲ, ಬೀಜಕ್ಕೆ ಮಾಡ್ತಾಳಂತೆ. ಹೋಗಮ್ಮ ಹೋಗು" ಎಂದು ಇಳಿದುಬಿಟ್ಟೆ.

ಇಳಿದ ಮೇಲೆ ನನಗೆ ಒಂದೇ ಯೋಚನೆ. ನಾನು ಅವಳ ಬೀಜಕ್ಕೆ ಮಾಡಿದ್ದನ್ನು ಅವಳು ನನ್ನ ಬೀಜಕ್ಕೆ ಮಾಡುತ್ತಾಳೆ. ಇಲ್ಲದಿದ್ದರೆ ಮೂರು ವರ್ಷದಿಂದ ಹಾಗಲದ ಸುದ್ದಿ ಎತ್ತದವಳು ಈಗ ಯಾಕೆ ಎತ್ತಬೇಕು?

"ನಿನ್ ಥರಾನೇ ಎಲ್ರೂ ಇರ್ತಾರೆ ಅನ್ಕೊಂಡ್ಯಾ?" ಎಂದರು ಯಜಮಾನರು.

"ಇಲ್ದೆ ಏನು?"

"ಹಂಗಾದ್ರೆ ನಿನ್ ಕಣ್ಮುಂದೇನೇ ಮಾಡಿಸು. ನೀನು ಮಾಡ್ಕೊಂಡು ಎರಡು ವರ್ಷ ಏನ್ ಕಿತ್ತೆ?"

ಆ ಮಾತು ನಾಟಿತು. ಆದರೂ ಒಂಬತ್ತನ್ನೂ ಅವಳ ಕೈಗೆ ಕೊಡುವಷ್ಟು ದಡ್ಡಿ ನಾನಲ್ಲ. ನಾಲ್ಕು ಅವಳ ಉಪಚಾರಕ್ಕೆ, ಐದು ನನ್ನ ಅಮ್ಮನ ದಾರಿಗೆ. ನನ್ನ ಐದಕ್ಕೆಂದು ಗವಿಪುರಂ ತನಕ ಬಸ್ಸಿನಲ್ಲಿ ಹೋಗಿ, ಹಸು ಕಟ್ಟಿರುವ ಒಂದು ಮನೆಯಲ್ಲಿ ಅದು ಹುಲ್ಲು ತಿನ್ನುವುದನ್ನು ನಿಂತು ನೋಡಿ, ಆಮೇಲೆ ಸಗಣಿ ತಂದೆ.

ಭಾನುವಾರ ಬೆಳಿಗ್ಗೆ ಅವಳು ಬಂದಳು. ಒಂದು ಫ್ಲಾಸ್ಕು, ಒಂದು ಪುಡಿಯ ಪೊಟ್ಟಣ, ಉಗುರು ಕತ್ತರಿಸುವ ನೈಲ್ ಕಟರ್ರು.

"ಯಾರ್ ಉಗುರು ಕತ್ತರಿಸಿದ್ದೇ ಅದು?"

"ಹೊಸ್ದು ಅಜ್ಜೀ. ಬೀಜಕ್ಕೇಂತಾನೇ ಇಟ್ಕೊಂಡಿರೋದು."

ಒಂದೊಂದೇ ಬೀಜ ಹಿಡಿದು ಚೂಪು ತುದಿಯ ಸಿಪ್ಪೆಯನ್ನು ಒಂಚೂರು ಚಿವುಟಿದಳು. ಪ್ರತಿ ಸಲ ಟಕ್ಕೆಂದಾಗ ನನ್ನ ಹಲ್ಲು ಕಿತ್ತ ಹಾಗಾಯಿತು. ಒಳಗಿನ ಬೇಳೆಗೆ ತಾಕಬಾರದು, ನೀರು ಇಳಿಯುವುದಕ್ಕೆ ದಾರಿ ಆದರೆ ಸಾಕು ಎಂದಳು. ಆಮೇಲೆ ಫ್ಲಾಸ್ಕಿನ ನೀರನ್ನು ಬಟ್ಟಲಿಗೆ ಬಗ್ಗಿಸಿದಳು.

"ಉಗುರುಬೆಚ್ಚಗಿರ್ಬೇಕು ಅಜ್ಜೀ. ಅದಕ್ಕಿಂತ ಬಿಸಿ ಆಯ್ತೋ, ಬೀಜ ಬೆಂದೋಗತ್ತೆ."

ನಾನು ಅವಳ ಮುಖ ನೋಡಿದೆ. ಅವಳು ಬೀಜ ನೋಡುತ್ತಿದ್ದಳು. ಕುರ್ಚಿಯಲ್ಲಿ ಕೂತಿದ್ದ ಯಜಮಾನರಿಗೆ ಆಗಲೇ ಕೆಮ್ಮು ಬರಬೇಕೇ! ನಾನು ಬಟ್ಟಲಿಗೆ ಬೆರಳು ಅದ್ದಿದೆ. ಉಗುರಿಗೆ ಬೆಚ್ಚಗೆ ತಾಕಿತು, ಬೆರಳಿಗೆ ಸುಡಲಿಲ್ಲ. ಆದರೂ ಇನ್ನೊಂದು ಸಲ ಅದ್ದಿ ನೋಡಿದೆ.

ಸಂಜೆಯ ತನಕ ನೆನೆಯಬೇಕಿತ್ತು. ನಾನು ಬಟ್ಟಲಿನ ಮುಂದೆಯೇ ಕೂತು ನುಗ್ಗೆಸೊಪ್ಪು ಬಿಡಿಸಿದೆ, ಅಕ್ಕಿ ಆರಿಸಿದೆ. ಸಂಜೆ ಅವಳು ಮತ್ತೆ ಬಂದು ಪುಡಿ ಬಿಚ್ಚಿದಳು. ಬೂದಿಯ ಬಣ್ಣ, ಬೂದಿಯಲ್ಲ.

"ಇದೇನು?"

"ಒಂದು ಥರ ಒಳ್ಳೆ ಬೂಷ್ಟು ಅಜ್ಜೀ. ಬೀಜಕ್ಕೆ ಕೆಟ್ಟ ಬೂಷ್ಟು ಬರ್ದೇ ಇರೋ ಹಂಗೆ ನೋಡ್ಕೊಳ್ಳತ್ತೆ."

"ಬೂಷ್ಟು ಬರ್ಬಾರ್ದು ಅಂತ ಬೂಷ್ಟೇ ಹಚ್ತೀಯಾ? ಒಳ್ಳೇದು ಕೆಟ್ಟದ್ದು ಅಂತ ಅದರ ಹಣೆ ಮೇಲೆ ಬರ್ದಿರತ್ತಾ?"

"ನಿನ್ ಹಣೆ ಮೇಲೆ ಬರ್ದಿದ್ಯೇನೆ?" ಎಂದರು ಯಜಮಾನರು. ಅವಳು ನಕ್ಕಳು. ನಾನು ನಗಲಿಲ್ಲ.

ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟುವಾಗ ಮಾತ್ರ ನಾನು ಬಿಡಲಿಲ್ಲ. ನನ್ನದೇ ಗಂಟು ಹಾಕಿದೆ, ಎರಡು ಸುತ್ತು, ತುದಿ ಒಳಗೆ. ಯಾರಾದರೂ ಮುಟ್ಟಿದರೆ ಗೊತ್ತಾಗಬೇಕಲ್ಲ. ಅದನ್ನು ಒಂದು ಡಬ್ಬಿಯಲ್ಲಿಟ್ಟು ಎಲ್ಲಿಡುವುದು ಎಂದರೆ ಅವಳು ಟಿವಿಯ ಕೆಳಗಿನ ಸೆಟ್‌ಟಾಪ್ ಬಾಕ್ಸ್ ತೋರಿಸಿದಳು. "ಬಚ್ಚಲೊಲೆ ಹೋದ್ರೆ ಹೋಯ್ತು ಅಜ್ಜೀ, ಇದು ದಿನವೆಲ್ಲ ಬೆಚ್ಚಗಿರತ್ತೆ." ಕೈ ಇಟ್ಟು ನೋಡಿದೆ. ನಿಜ, ಕಾವು ಕೂತ ಕೋಳಿಯ ಹಾಗೆ ಬೆಚ್ಚಗಿತ್ತು. ನನ್ನ ಐದು ಬೀಜದ ಗಂಟನ್ನು ಫ್ರಿಜ್ಜಿನ ಹಿಂದೆ ಇಟ್ಟೆ.

ಮೂರನೆಯ ದಿನ ತರಕಾರಿ ತಂದು ನೋಡಿದರೆ ಡಬ್ಬಿಯೊಳಗಿನ ಗಂಟು ನನ್ನದಲ್ಲ.

ಸೀದಾ ತಾರಸಿಗೆ ಓಡಿದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ನೋವೂ ಮರೆತುಹೋಗಿತ್ತು.

"ಏನೇ, ನಾನಿಲ್ದಾಗ ಮನೆಗ್ ನುಗ್ಗಿ ಬೀಜ ಬದಲಾಯಿಸ್ದ್ಯಾ? ನಿನ್ ಹೊಟ್ಟೆಕಿಚ್ಚು ನಂಗೊತ್ತಿಲ್ವಾ?"

ಆಗತಾನೇ ಬಂದಿರಬೇಕು, ಹೆಗಲಲ್ಲಿ ಬ್ಯಾಗು ಇದ್ದ ಹಾಗೆಯೇ ಅವಳು ತಾರಸಿಗೆ ಬಂದಳು.

"ನಾನು ಬೆಳಿಗ್ಗೆಯಿಂದ ಆಫೀಸಲ್ಲಿದ್ದೆ ಅಜ್ಜೀ. ಇನ್ನೂ ಚಪ್ಪಲೀನೂ ಬಿಟ್ಟಿಲ್ಲ."

ಗಲ್ಲಿಯ ಕಿಟಕಿಗಳೆಲ್ಲ ತೆರೆದುಕೊಂಡವು. ನಾನು ಇನ್ನಷ್ಟು ಅಂದೆ, ಇಲ್ಲಿ ಬರೆಯುವುದಿಲ್ಲ. ಅವಳು ತಿರುಗಿ ಏನೂ ಅನ್ನಲಿಲ್ಲ. ತಿರುಗಿ ಅನ್ನದವರನ್ನು ಕಂಡರೆ ನನಗೆ ಇನ್ನೂ ಅನುಮಾನ.

ಕೆಳಗೆ ಬಂದು ಗಂಟನ್ನು ಬೆಳಕಿಗೆ ಹಿಡಿದೆ. ಚಿಕ್ಕದು, ಚಪ್ಪಟೆ, ಬಿಗಿ. ಈ ಗಂಟು ನನಗೆ ಗೊತ್ತು. ನಮ್ಮ ಯಜಮಾನರು ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವರು. ಹರಿದ ನೂಲಿಗೆ ಹಾಕುತ್ತಿದ್ದ ಗಂಟನ್ನೇ ಪಂಚೆಗೂ ಹಾಕುತ್ತಾರೆ, ಕಸದ ಚೀಲಕ್ಕೂ ಹಾಕುತ್ತಾರೆ. ಗಿರಣಿ ಮುಚ್ಚಿದರೂ ಕೈ ಬಿಟ್ಟಿಲ್ಲ.

"ರೀ, ಇದನ್ನ ಬಿಚ್ಚಿದ್ದು ಯಾರು?"

"ಬಾಯ್ ಬಿಟ್ಟಿದ್ಯೇನೋ ಅಂತ ನೋಡ್ದೆ ಕಣೆ."

"ಬಾಯ್ ಬಿಟ್ಟಿತ್ತಾ?"

"ಇಲ್ಲ. ನೀನು ಬಿಟ್ಟೆಯಲ್ಲ, ಸಾಕು."

ನಾನು ಮತ್ತೆ ತಾರಸಿಗೆ ಹೋಗಲಿಲ್ಲ. ತಪ್ಪಾಯಿತು ಎನ್ನುವ ಅಭ್ಯಾಸ ನನಗಿಲ್ಲ, ಈ ವಯಸ್ಸಿನಲ್ಲಿ ಕಲಿಯುವುದೂ ಇಲ್ಲ.

ಐದು ದಿನ ಆಯಿತು, ಹತ್ತು ದಿನ ಆಯಿತು. ಕೊನೆಗೆ ಎರಡೂ ಗಂಟು ಬಿಚ್ಚಿದೆ. ಅವಳ ನಾಲ್ಕರ ಮೇಲೆ ಬೂಷ್ಟು ಇರಲಿಲ್ಲ, ಒತ್ತಿದರೆ ಒಳಗೆ ಬೇಳೆ ಹಳದಿಯಾಗಿ ಹಿಟ್ಟಿನಂತೆ ಉದುರಿತು. ನನ್ನ ಐದು ಕಪ್ಪಗೆ ಕೊಳೆತು ನಾರುತ್ತಿದ್ದವು.

"ಸೇಡು ತೀರಿಸ್ಕೊಂಡ್ಳು" ಎಂದೆ.

"ನಿನ್ ಐದಕ್ಕೆ ಯಾರು ಸೇಡು ತೀರಿಸ್ಕೊಂಡಿದ್ದು? ಗವಿಪುರದ ಹಸುವಾ? ಬೀಜಕ್ಕೆ ವಯಸ್ಸಾಗಿತ್ತು ಕಣೆ, ಅಷ್ಟೆ."

ಅಮ್ಮನ ಕಾಲದ ಡಬ್ಬಿಯನ್ನು ತೊಳೆದು ಒರೆಸಿ ಮೆಂತ್ಯ ತುಂಬಿದೆ. ಖಾಲಿ ಡಬ್ಬಿ ಮುಂದಿಟ್ಟುಕೊಂಡು ಕೂರುವುದರಿಂದ ಯಾರಿಗೇನು? ಆದರೆ ಆ ವಾರ ಸಾರಿಗೆ ಮೆಂತ್ಯ ಬೇಕಾದಾಗಲೆಲ್ಲ ಅಂಗಡಿಯ ಪೊಟ್ಟಣದಿಂದಲೇ ತೆಗೆದೆ, ಡಬ್ಬಿ ತೆಗೆಯಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವಳೇ ನಮ್ಮ ಬಾಗಿಲಿಗೆ ಬಂದಳು.

"ಅಜ್ಜೀ, ಸ್ವಲ್ಪ ನಮ್ ತಾರಸಿಗೆ ಬನ್ನಿ."

"ಯಾಕೆ, ಗ್ರೂಪಿಗೆ ನನ್ ಫೋಟೋನೂ ಹಾಕ್ಬೇಕಾ?"

"ಬನ್ನಿ ಅಂದ್ರೆ ಬನ್ನಿ."

ಯಜಮಾನರನ್ನು ಜೊತೆಗೆ ಕರೆದುಕೊಂಡೇ ಹೋದೆ. ಅವಳು ನೇರವಾಗಿ ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಹಗ್ಗದ ಚಪ್ಪರ, ಚಪ್ಪರದ ತುಂಬ ಬಳ್ಳಿ, ಬಳ್ಳಿಯ ತುಂಬ ಹೆಬ್ಬೆರಳಿನಷ್ಟು ಮುಳ್ಳುಕಾಯಿ. ಒಂದು ಕಿತ್ತಳೆ ಬಣ್ಣಕ್ಕೆ ಹಣ್ಣಾಗಿ ಬಿರಿದು ಕೆಂಪಗೆ ಜೋತಾಡುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ.

"ಕಳ್ಳಿ" ಎಂದೆ. ಮೊದಲು ಬಂದ ಮಾತು ಅದೇ.

"ಅದಕ್ಕೇ ನಾನು ಹೇಳಿರ್ಲಿಲ್ಲ" ಎಂದಳು. "ಕದ್ದಿಲ್ಲ ಅಜ್ಜೀ, ನೀವೇ ಕೊಟ್ಟಿದ್ದು. ಆರು ಕೊಟ್ರಿ. ಐದು ಏಳ್ಲೇ ಇಲ್ಲ, ಒಂದು ಎದ್ತು. ಅದರದ್ದೇ ಬೀಜ ಇಟ್ಕೊಂಡು ವರ್ಷವರ್ಷಾನೂ ಹಾಕ್ತಿದೀನಿ."

ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ.

"ನನ್ ಬೀಜ ಕೊಳೀತಿದ್ದಾಗ ಯಾಕೆ ಹೇಳ್ಲಿಲ್ಲ?"

"ನಿಮ್ ಹಳೇ ಬೀಜಾನೇ ಎದ್ದಿದ್ರೆ ನಿಮ್ಗೆ ಸಮಾಧಾನ ಇರ್ತಿತ್ತು. ನಾನು ಕೊಟ್ರೆ ತಗೋತಿದ್ರಾ?" ಅವಳು ಬಿರಿದ ಹಣ್ಣನ್ನು ಬಿಡಿಸುತ್ತಾ ಹೇಳಿದಳು. "ನೀವು ಕೊಟ್ಟ ಬೀಜದ ಮೇಲೆ ಬಿಳೀ ಕರೆ ಇತ್ತು. ನಮ್ ಬೋರ್ ನೀರು ಒಣಗಿದ್ರೆ ಪಾತ್ರೆ ಮೇಲೆ ನಿಲ್ಲತ್ತಲ್ಲ, ಹಂಗೆ. ಓಹೋ, ಅಜ್ಜಿ ಬಿಸಿನೀರಲ್ಲಿ ಬೀಜೋಪಚಾರ ಮಾಡೇ ಕೊಟ್ಟವ್ರೆ ಅನ್ಕೊಂಡೆ. ಗ್ರೂಪಲ್ಲೂ ಹೇಳ್ದೆ, ನಮ್ಮೆದುರು ಮನೆ ಅಜ್ಜಿಗೆ ಆಗ್ಲೇ ಎಲ್ಲ ಗೊತ್ತಿತ್ತು ಅಂತ."

ಯಜಮಾನರು ಬಳ್ಳಿಯ ಆ ಕಡೆ ಹೋಗಿ ನಿಂತರು. ಅವರ ಹೆಗಲು ಅಲುಗುತ್ತಿತ್ತು.

ನಾನು ಅವಳ ಮುಖವನ್ನೇ ನೋಡಿದೆ. ಅರವತ್ತು ವರ್ಷದಿಂದ ಜನರ ಮುಖ ನೋಡಿ ಹೊಟ್ಟೆಯೊಳಗಿನದು ಹೇಳಿದವಳು ನಾನು. ಅವಳ ಮುಖದಲ್ಲಿ ಏನೂ ಸಿಗಲಿಲ್ಲ. ನಿಜವಾಗಿ ನಂಬಿದ್ದಳೋ, ಎಲ್ಲ ತಿಳಿದು ಮೂರು ವರ್ಷ ಕಾದು ಒಂದೇ ಮಾತಿನಲ್ಲಿ ತಿವಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಬಹುದಿತ್ತು. ಕೇಳಿದರೆ ನಾನೂ ಹೇಳಬೇಕಾಗುತ್ತಿತ್ತು.

ಅವಳು ಒಂದು ಕಾಗದದಲ್ಲಿ ಒಣಗಿದ ಬೀಜ ಕೊಟ್ಟಳು, ಜೊತೆಗೆ ಒಂದು ಬೊಗಸೆ ಕಾಯಿ. ಬೀಜವನ್ನು ಅಲ್ಲೇ ಎಣಿಸಿದೆ, ಹನ್ನೆರಡು. ಒಂದೊಂದನ್ನೂ ಬಿಸಿಲಿಗೆ ಹಿಡಿದು ಬಿಳೀ ಕರೆ ಇದೆಯೇ ಎಂದು ನೋಡಿದೆ. ಇರಲಿಲ್ಲ. ಅವಳು ಸುಮ್ಮನೆ ನಿಂತು ನಾನು ನೋಡುವುದನ್ನು ನೋಡಿದಳು.

ಬದಲಿಗೆ ಏನಾದರೂ ಕೊಡಬೇಕು ಎಂದು ಅಮ್ಮ ಹೇಳಿದ್ದು ನೆನಪಿತ್ತು. ಆದರೆ ಏಳದ ಬೀಜಕ್ಕೆ ಬದಲು ಯಾಕೆ? ಕಾಯಿಗಳನ್ನು ಫ್ರಿಜ್ಜಿನಲ್ಲಿಟ್ಟು, ಮೊದಲು ಎರಡೇ ಬೀಜ ತೆಗೆದೆ. ಯಜಮಾನರ ನೈಲ್ ಕಟರ್ರಿನಲ್ಲಿ ಸಿಪ್ಪೆಯ ತುದಿ ಚಿವುಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ, ಗಂಟು ಕಟ್ಟಿ ಸೆಟ್‌ಟಾಪ್ ಬಾಕ್ಸಿನ ಮೇಲಿಟ್ಟೆ. ಪುಡಿ ಹಚ್ಚಲಿಲ್ಲ, ಅದನ್ನು ಇನ್ನೂ ನಂಬಿಲ್ಲ. ಐದನೆಯ ದಿನ ಬಿಚ್ಚಿದೆ. ಎರಡೂ ಬಾಯಿ ಬಿಟ್ಟು ಬೆಳ್ಳಗೆ ನಾಲಿಗೆ ಚಾಚಿದ್ದವು. ಡಬ್ಬಿಯ ಮೆಂತ್ಯ ಬೇರೆ ಕಡೆ ಸುರಿದು ಉಳಿದ ಹತ್ತನ್ನು ಅದರೊಳಗೆ ಹಾಕಿದೆ.

ಅವತ್ತೇ ಆ ಕಾಯಿಗಳನ್ನು ಹೆಚ್ಚಿ, ಹುಣಸೆಹುಳಿ, ಬೆಲ್ಲ, ಎಳ್ಳು ಹಾಕಿ ಗೊಜ್ಜು ಮಾಡಿದೆ. ಬಟ್ಟಲಿಗೆ ಹಾಕಿ ತಾರಸಿಗೆ ಹೋಗಿ ಕೈ ನೀಡಿ ಕೊಟ್ಟೆ. ನಮ್ಮೆರಡು ತಾರಸಿಗಳ ನಡುವೆ ಆ ಕಡೆಗೆ ಹೋದ ಎರಡನೆಯ ಸಾಮಾನು ಅದು.

"ಏನಜ್ಜೀ ಇದು?"

"ಗೊಜ್ಜು. ಬೀಜಕ್ಕೆ ಬದಲು. ತಗೋ, ಕೈ ನೋಯ್ತಿದೆ."

ಅವಳು ತೆಗೆದುಕೊಂಡಳು. ಬಾಯಿಗೆ ಹಾಕುವ ಮೊದಲು ಬಟ್ಟಲನ್ನು ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ ಬೆರಳ ತುದಿಯಲ್ಲಿ ಒಂಚೂರು ತೆಗೆದು ನಾಲಿಗೆಗೆ ಇಟ್ಟು, ಸ್ವಲ್ಪ ಹೊತ್ತು ಹಾಗೆಯೇ ನಿಂತಳು.

ಸರಿಯಾಗಿಯೇ ಮಾಡಿದಳು. ನಾನಾಗಿದ್ದರೂ ಮೂಸುತ್ತಿದ್ದೆ.